ಮುಡಿಪಿನ ಡಬ್ಬಿ, ಒಂದು ಗೋಣಿ ಅಡಿಕೆ

ಮೊನ್ನೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು "ಕಷ್ಟ ಅಂದರೆ ದೇವರು ಮಾಡುವ ಪರೀಕ್ಷೆ" ಅಂದರು. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅಷ್ಟರಲ್ಲಿ ಪಾಯಸ ಬಂತು, ಸುಮ್ಮನಾದೆ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

2018ರ ಮಳೆಗಾಲವನ್ನು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಬೆಳೆಗಾರರು ಮರೆತಿರಲಿಕ್ಕಿಲ್ಲ. ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗ ಬಾರದಿರಲಿ ಅಂತ ಮಳೆ ಹಿಡಿಯುವ ಮೊದಲೇ ಮರಗಳಿಗೆ ಮದ್ದು ಬಿಟ್ಟಿದ್ದೆವು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಚೂರಿ ಅದ್ದಿ ನೋಡುವುದು, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. 40-45 ದಿನಕ್ಕೆ ಎರಡನೇ ಸಲ ಬಿಡಬೇಕು. ಮಳೆ ಬಿಡಬೇಕಲ್ವಾ? ಕೊಳೆರೋಗ ಬಂದೇ ಬಂತು. ಬೆಳಿಗ್ಗೆ ತೋಟಕ್ಕೆ ಇಳಿದರೆ ಕಾಲಿಟ್ಟಲ್ಲೆಲ್ಲ ಎಳೆ ಅಡಿಕೆ.

ಅಪ್ಪ ತೀರಿ ಎರಡು ವರ್ಷವಾಗಿತ್ತು. ಅಮ್ಮನ ಬಳೆ ಅಡವಿಟ್ಟಾಗಿತ್ತು. ತಂಗಿಯ ಕಾಲೇಜಿನ ಫೀಸು ಬಾಕಿ. ಮಳೆಯ ಎಡೆಯಲ್ಲಿ ಮರ ಹತ್ತಿ ಮದ್ದು ಬಿಟ್ಟವನಿಗೆ ಮೂರು ವಾರವಾದರೂ ಕೂಲಿ ಕೊಟ್ಟಿರಲಿಲ್ಲ. ಅವನು ಅಂಗಳದಲ್ಲಿ ನಿಂತು "ಅಣ್ಣೇರೇ, ಮುಂದಿನ ವಾರ ಆದರೂ ಆದೀತು" ಅಂದ. ಅಮ್ಮ ಒಳಗಿಂದ ಕೇಳಿಸಿಕೊಂಡರು. ದೇವರ ಕೋಣೆಗೆ ಹೋಗಿ ತಿರುಪತಿಯ ಮುಡಿಪಿನ ಡಬ್ಬಿ ತಂದು ಚಾವಡಿಯಲ್ಲಿ ಮಗುಚಿದರು. ಪ್ರತಿ ಶನಿವಾರ ಹಾಕಿದ ದುಡ್ಡು. ಹೆಚ್ಚಿನದೆಲ್ಲ ಚಿಲ್ಲರೆ.

ಅತ್ತೆ ಹೌಹಾರಿದರು. ದೇವರ ದುಡ್ಡು ಮುಟ್ಟುವುದುಂಟಾ?

"ತಿಮ್ಮಪ್ಪನಿಗೆ ಆಮೇಲೆ ಕೊಟ್ಟರಾಯಿತು. ಇವನ ಮನೆಯಲ್ಲಿ ಮಕ್ಕಳಿದ್ದಾರೆ."

ಆಮೇಲೆ ಅಮ್ಮ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದರು: ತಿಮ್ಮಪ್ಪನಿಗೆ ಕೊಡಲಿಕ್ಕೆ 3,840. ದೇವರ ಜೊತೆ ಸಾಲದ ಲೆಕ್ಕ ಇಡುವಷ್ಟು ಸಲಿಗೆ ಅವರಿಗಿತ್ತು. ನಾನು ನೋಡಿದ ಭಕ್ತಿಯಲ್ಲಿ ಪೂರ್ತಿ ನಂಬುವುದು ಅದೊಂದನ್ನೇ. ಪರೀಕ್ಷೆ, ಕರ್ಮ ಅಂತ ಅವರ ಬಾಯಲ್ಲಿ ಒಂದು ದಿನವೂ ಬರಲಿಲ್ಲ.

ಅಮ್ಮನ ಕಥೆ ಮಾತ್ರ ಹೇಳಿ ಲೈಕ್ ತಗೊಂಡು ಹೋಗಬಹುದಿತ್ತು. ನನ್ನದೂ ಒಂದಿದೆ.

ಉದುರಿದ ಅಡಿಕೆಯನ್ನು ಒಣಗಿಸಿ ಸುಲಿದರೆ ಸಿಗುವುದು ಕರಿಗೋಟು. ಅದಕ್ಕೆ ರೇಟಿಲ್ಲ. ಮರುವರ್ಷ ಚಾಲಿ, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಹಣ್ಣಡಿಕೆ, ಮಾರಲು ಹೊರಟಾಗ ಒಂದು ಗೋಣಿಯ ಅಡಿಗೆ ಕರಿಗೋಟು, ಪಟೋರದಂಥ ಕೆಳದರ್ಜೆಯ ಅಡಿಕೆ ಹಾಕಿ ಮೇಲೆ ಒಳ್ಳೆಯ ಅಡಿಕೆ ತುಂಬಿದೆ. ಅಂಗಡಿಯವರು ಅಪ್ಪನ ಕಾಲದಿಂದ ನಮ್ಮ ಅಡಿಕೆ ತೆಗೆಯುವವರು. ನಮ್ಮ ಗೋಣಿ ಸುರಿದು ನೋಡುವ ಕ್ರಮವೇ ಇರಲಿಲ್ಲ. ಬಾಯಿ ಬಿಚ್ಚಿ ಒಂದು ಹಿಡಿ ನೋಡಿದರು, ತೂಗಿದರು. ದುಡ್ಡು ಎಣಿಸುತ್ತಾ "ಅಮ್ಮ ಹೇಗಿದ್ದಾರೆ?" ಅಂತ ಕೇಳಿದರು.

ವ್ಯಾಪಾರಿಗಳೇನು ಕಡಿಮೆ ಮೋಸ ಮಾಡುತ್ತಾರಾ ಅಂತ ನೀವು ಕೇಳಬಹುದು. ನಾನೂ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ. ಆದರೆ ಧಾರಣೆ ನೆಲ ಕಚ್ಚಿದ್ದ ಕಾಲದಲ್ಲಿ ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದ ಕಥೆಯನ್ನು ಅಪ್ಪ ನೂರು ಸಲ ಹೇಳಿದ್ದರು. ಕರ್ನಾಟಕ, ಕೇರಳ ಗಡಿಯ ಆಚೆ ಈಚೆಯ ಬೆಳೆಗಾರರು ಸೇರಿ ಕಟ್ಟಿದ್ದು. ಗೋಣಿಯ ಮೇಲೆ ಒಂದು, ಅಡಿಯಲ್ಲಿ ಇನ್ನೊಂದು ಅಂತ ಎಲ್ಲರೂ ಶುರು ಮಾಡಿದ್ದರೆ ಅದು ಎಷ್ಟು ದಿನ ನಿಲ್ಲುತ್ತಿತ್ತು? ಅಂಗಡಿಯವರು ಅವತ್ತು ನಂಬಿದ್ದು ನನ್ನನ್ನಲ್ಲ, ಅಪ್ಪನನ್ನು. ನಾನು ಮಾರಿದ್ದು ಆ ನಂಬಿಕೆಯನ್ನೇ.

ಅಮ್ಮ ಎರಡು ವರ್ಷದಲ್ಲಿ ಡಬ್ಬಿ ತುಂಬಿಸಿದರು. ಬಡ್ಡಿ ಅಂತ ಒಂದಿಷ್ಟು ಸೇರಿಸಿ ತಿರುಪತಿಯ ಹುಂಡಿಗೆ ಹಾಕಿ ಬಂದರು. ಗೋಣಿಯ ವಿಷಯ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಫೇಸ್‌ಬುಕ್ ನೋಡುವುದಿಲ್ಲ, ಪುಣ್ಯ.

ಅಂಗಡಿಯವರು ಆಮೇಲೆ ವ್ಯಾಪಾರ ಬಿಟ್ಟರು. 2025ರಲ್ಲಿ ಮಧೂರು ಗಣಪತಿ ದೇವಸ್ಥಾನದ ಮೂಡಪ್ಪ ಸೇವೆಯ ರಶ್ಶಿನಲ್ಲಿ ಸಿಕ್ಕಿದರು. ಕಣ್ಣು ಮಂಜಾಗಿತ್ತು, ಗುರುತು ಹಿಡಿದದ್ದು ಸ್ವರದಿಂದ. ಹೇಳಿಬಿಡೋಣ ಅಂತ ಬಾಯಿ ತೆರೆದೆ.

"ನಿನ್ನ ಅಪ್ಪನದ್ದೇ ಸ್ವರ ಮಾರಾಯ" ಅಂದರು.

ಕೈ ಹಿಡಿದು ಊಟದ ಚಪ್ಪರದವರೆಗೆ ಕರೆದುಕೊಂಡು ಹೋದೆ. ಹೇಳಲಾಗಲಿಲ್ಲ.