ಕೆಟ್ಟ ಕಾಲು ಗಂಟೆ

ತಿಂಡಿ ಮುಗಿದಿದೆ, ಕಾಫಿಯೂ ಆಗಿದೆ. ಗಲ್ಲಾದ ಮುಂದೆ ಮೊಬೈಲ್ ಹಿಡಿದು 140 ರೂಪಾಯಿ ಒತ್ತಿದ್ದೂ ಆಗಿದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ. ಖಾತೆಯಿಂದ ದುಡ್ಡು ಹೋಯಿತೆಂದು ಬ್ಯಾಂಕಿನ ಮೆಸೇಜು ಬಂತು, ಆದರೆ ಗಲ್ಲಾದ ಪಕ್ಕದ ಪುಟ್ಟ ಸ್ಪೀಕರು ಬಾಯಿ ಬಿಡುತ್ತಿಲ್ಲ. ಇನ್ನೊಮ್ಮೆ ಕಳಿಸಿದರೆ ಎರಡು ಸಲ ಹೋದೀತು, ಹಾಗೇ ಹೊರಟರೆ ಕಳ್ಳನ ಥರ ಕಂಡೀತು. ಹಿಂದೆ ನಾಲ್ಕು ಜನ ನಿಂತಿದ್ದಾರೆ. ಗಲ್ಲಾದಲ್ಲಿ ಕೂತವರು ಏನೂ ಅನ್ನುವುದಿಲ್ಲ, ಬರೀ ನೋಡುತ್ತಾರೆ.

ಇಂಥ ಹೊತ್ತಿಗೆ ಫ್ರೆಂಚರ ಬಳಿ ಒಂದು ಹೆಸರಿದೆ: ಮೊವೆ ಕಾರ್ ದರ್ (mauvais quart d'heure). ಮೊವೆ ಅಂದರೆ ಕೆಟ್ಟ, ಕಾರ್ ಅಂದರೆ ಕಾಲುಭಾಗ, ಕೊನೆಯದು ಗಂಟೆ. ಕೆಟ್ಟ ಕಾಲು ಗಂಟೆ. ಇಂಗ್ಲಿಷಿನವರು ಇದನ್ನು ಅನುವಾದಿಸುವ ಗೋಜಿಗೆ ಹೋಗದೆ ಹಾಗೇ ಎತ್ತಿಕೊಂಡರು. ಅಚ್ಚಿನಲ್ಲಿ ಈಗಲೂ ಓರೆ ಅಕ್ಷರದಲ್ಲಿ ಹಾಕುತ್ತಾರೆ, ಮನೆಗೆ ಬಂದ ನೆಂಟರಿಗೆ ಬೇರೆ ಲೋಟ ಇಟ್ಟ ಹಾಗೆ. ಹೇಳುವಾಗ ಮೊದಲ ಪದದ ಕೊನೆಯ ಎಸ್, ಎರಡನೆಯದರ ಕೊನೆಯ ಟಿ, ಮೂರನೆಯದರ ಎಚ್ ಮೂರೂ ಮೌನ. 'ದರ್' ಎಂದು ಬರೆದ ಸ್ವರ ಕನ್ನಡದಲ್ಲಿ ಇಲ್ಲ. ಒ ಅನ್ನಲು ತುಟಿ ದುಂಡಗೆ ಮಾಡಿ ಎ ಅಂದರೆ ಹತ್ತಿರ ಬರುತ್ತದೆ. ಬರೆಯುವವರು ಜಾರುವುದು ಇನ್ನೊಂದು ಕಡೆ. ಫ್ರೆಂಚಿನಲ್ಲಿ ಗಂಟೆ ಸ್ತ್ರೀಲಿಂಗ ಅಂತ ಗೊತ್ತಿರುವ ಜಾಣರು ಮೊವೆಯನ್ನೂ ಸ್ತ್ರೀಲಿಂಗ ಮಾಡಿ 'ಮೊವೇಜ್' ಅಂದುಬಿಡುತ್ತಾರೆ. ಕೆಟ್ಟದ್ದು ಗಂಟೆಯಲ್ಲ, ಅದರ ಕಾಲುಭಾಗ, ಆ ಕಾಲು ಪುಲ್ಲಿಂಗ. ಬಹುವಚನದಲ್ಲೂ ಎಸ್ ಸೇರುವುದು ಕಾಲಿಗೇ, ಗಂಟೆಗಲ್ಲ.

ಈ ಮಾತಿನ ಒಡಹುಟ್ಟು ಒಂದಿದೆ, 'ರಾಬ್ಲೆಯ ಕಾಲು ಗಂಟೆ'. ಊಟ ಮುಗಿದು ಬಿಲ್ಲು ಮೇಜಿಗೆ ಬರುವ ಗಳಿಗೆ ಅದು. ಫ್ರಾನ್ಸ್ವಾ ರಾಬ್ಲೆ 1532ರಲ್ಲಿ ಲಿಯೋಂ ನಗರದ ಆಸ್ಪತ್ರೆಗೆ ವೈದ್ಯನಾಗಿ ಸೇರಿದವನು, ನಗೆಬರಹದ ದೈತ್ಯ. ದಂತಕಥೆಯ ಪ್ರಕಾರ, ರೋಮಿನಿಂದ ಹಿಂತಿರುಗುವಾಗ ಲಿಯೋಂನ ಛತ್ರದಲ್ಲಿ ಉಂಡು ಮಲಗಿ ಎದ್ದವನ ಕೈಯಲ್ಲಿ ಕಾಸಿರಲಿಲ್ಲ. ಏನೋ ಪುಡಿ ತುಂಬಿ ಪೊಟ್ಟಣ ಕಟ್ಟಿದ. ಒಂದರ ಮೇಲೆ 'ರಾಜನಿಗೆ ವಿಷ', ಮತ್ತೊಂದರ ಮೇಲೆ 'ರಾಣಿಗೆ ವಿಷ' ಎಂದು ಬರೆದು ಕಣ್ಣಿಗೆ ಬೀಳುವ ಹಾಗೆ ಇಟ್ಟ. ಛತ್ರದವನು ಹೌಹಾರಿ ಸುದ್ದಿ ಮುಟ್ಟಿಸಿದ. ರಾಜದ್ರೋಹಿಯನ್ನು ಕಾವಲಿನಲ್ಲಿ, ಸರ್ಕಾರಿ ಖರ್ಚಿನಲ್ಲಿ, ಪ್ಯಾರಿಸ್ಸಿಗೆ ಒಯ್ದರು. ಒಂದನೇ ಫ್ರಾನ್ಸ್ವಾ ದೊರೆ ಗುರುತು ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಕ್ಕನಂತೆ. ಇತಿಹಾಸಕಾರರು ಇದನ್ನು ನಂಬುವುದಿಲ್ಲ. ಬಿಲ್ಲಿನ ಮುಂದೆ ಜೇಬು ತಡಕಿದವರು ಮಾತ್ರ ನಂಬುತ್ತಾರೆ. ನಮ್ಮ ಕಡೆ ಹೋಟೆಲಿನಲ್ಲಿ ದುಡ್ಡಿಲ್ಲದವರ ಪಾಲಿಗೆ ಹಿಟ್ಟು ರುಬ್ಬುವ ಶಿಕ್ಷೆ ಕಾದಿರುತ್ತದೆ ಅನ್ನುವುದು ಹಳೇ ನಗೆಮಾತು. ಬೆಂಗಳೂರಿನ ದರ್ಶಿನಿಗಳು ಮೊದಲು ದುಡ್ಡು, ಆಮೇಲೆ ಟೋಕನ್, ಆಮೇಲೆ ಇಡ್ಲಿ ಎಂಬ ನಿಯಮ ಮಾಡಿ ರಾಬ್ಲೆಯ ಸಮಸ್ಯೆಯನ್ನೇ ಕಿತ್ತುಹಾಕಿವೆ.

ಫ್ರೆಂಚರ ಬಾಯಲ್ಲಿ ಈ ಕಾಲು ಗಂಟೆಗೆ ಖಾರ ಜಾಸ್ತಿ. 'ನೀನೊಂದು ಕೆಟ್ಟ ಕಾಲು ಗಂಟೆ ಕಳೆಯಲಿದ್ದೀಯ' ಎಂದು ಅಪ್ಪ ಮಗನಿಗೆ ಅಂದರೆ ನಮ್ಮ 'ಇವತ್ತು ನಿನಗಿದೆ' ಎಂದೇ ಅರ್ಥ. ಇಂಗ್ಲಿಷಿಗೆ ಬಂದ ಮೇಲೆ ಬೆದರಿಕೆ ತೆಳುವಾಗಿ ಮುಜುಗರ ಗಟ್ಟಿಯಾಯಿತು. ಹೆಡ್‌ಮಾಸ್ತರರ ಕೋಣೆ, ಸಂದರ್ಶನ, ಹೆಸರು ಮರೆತುಹೋದ ಪರಿಚಿತರ ಎದುರು ನಿಂತ ಹೊತ್ತು, ಇವೆಲ್ಲ ಅದರ ಸರಹದ್ದಿನೊಳಗೆ. ಮೂರು ವರ್ಷದ ಕೋರ್ಟು ವ್ಯಾಜ್ಯವನ್ನು ಹಾಗೆ ಕರೆಯುವಂತಿಲ್ಲ. ಫೋ ಪಾ ಜೊತೆಗೆ ಕಲಸಿಕೊಳ್ಳುವವರೂ ಇದ್ದಾರೆ. ಫೋ ಪಾ ಅಂದರೆ ಎಡವಿದ ಹೆಜ್ಜೆ, ಎಡವಿದ ಮೇಲೆ ಎಲ್ಲರ ನಡುವೆ ನಿಂತಿರಬೇಕಾದ ಹೊತ್ತೇ ಮೊವೆ ಕಾರ್ ದರ್.

ಮುಜುಗರ, ಪೇಚಾಟ, ಪೀಕಲಾಟ, ಫಜೀತಿ, ಇರಿಸುಮುರಿಸು: ಕನ್ನಡಕ್ಕೆ ಈ ಬಾಬತ್ತಿನಲ್ಲಿ ಬಡತನವಿಲ್ಲ. ಇಲ್ಲದ್ದು ಗಡಿಯಾರ. ಪೀಕಲಾಟ ಎಷ್ಟು ಹೊತ್ತಿನದು? ಯಾರಿಗೂ ಗೊತ್ತಿಲ್ಲ. ಗಡಿಯಾರ ಇರುವ ಕೆಟ್ಟ ಹೊತ್ತು ನಮ್ಮಲ್ಲಿ ರಾಹುಕಾಲ, ಹನ್ನೆರಡು ಗಂಟೆಯ ಹಗಲಿನಲ್ಲಿ 90 ನಿಮಿಷ. ಆದರೆ ಅದು ಎಲ್ಲರಿಗೂ ಒಟ್ಟಿಗೆ ಬರುವುದರಿಂದ ನಾಚಿಕೆಯ ಪ್ರಶ್ನೆಯೇ ಏಳುವುದಿಲ್ಲ. ಒಂದು ಗಳಿಗೆಗೆ 24 ನಿಮಿಷ, ಫ್ರೆಂಚರ ಸಂಕಟ ಅದಕ್ಕಿಂತಲೂ ಒಂಬತ್ತು ನಿಮಿಷ ಕಮ್ಮಿ. ಹಾಗಂತ ಯಾರೂ ಅಳೆದವರಲ್ಲ, ಚಕ್ರ ತಿರುಗಿದ್ದು ನಲವತ್ತೇ ಸೆಕೆಂಡು ಇದ್ದೀತು. ಕಾಲು ಗಂಟೆ ಅನ್ನುವುದರಲ್ಲಿ ಇರುವುದು, ಇದು ಮುಗಿಯುತ್ತದೆ ಎಂಬ ಲೆಕ್ಕ. ಆ ಕಾಲು ಗಂಟೆಯಲ್ಲಿ ಕಾಲಿಗೆ ಬುದ್ಧಿ ಹೇಳುವಂತಿಲ್ಲ, ಅದೊಂದೇ ತಾಪತ್ರಯ.

ಫ್ರಾನ್ಸಿನಲ್ಲಿ ಸೌಜನ್ಯದ ಕಾಲು ಗಂಟೆ ಅಂತಲೂ ಒಂದಿದೆ. ರಾತ್ರಿ ಎಂಟಕ್ಕೆ ಮನೆಗೆ ಊಟಕ್ಕೆ ಕರೆದರೆ ಎಂಟೂ ಕಾಲಿಗೆ ಹೋಗುವುದು ಮರ್ಯಾದೆ. ಗಂಟೆ ಹೊಡೆದ ಹಾಗೆ ಎಂಟಕ್ಕೇ ಕರೆಗಂಟೆ ಒತ್ತಿದರೆ ಒಳಗೆ ಗೃಹಿಣಿಯ ತಲೆಗೂದಲು ಇನ್ನೂ ಒದ್ದೆ, ಯಜಮಾನನ ಕೈಯಲ್ಲಿ ಬಾಟಲಿಯ ಬಿರಡೆ ಅರ್ಧ ಮುರಿದಿದೆ. ಅತಿಥಿ ಬಿಟ್ಟುಕೊಡಬೇಕಿದ್ದ ಸೌಜನ್ಯದ ಕಾಲು ಗಂಟೆ ಮನೆಯವರಿಗೆ ಕೆಟ್ಟ ಕಾಲು ಗಂಟೆಯಾಗುತ್ತದೆ. ಬೇಗ ಬಂದವರು ಸೋಫಾದ ತುದಿಯಲ್ಲಿ ಕೂತು ಗೋಡೆಯ ಚಿತ್ರವನ್ನು ಬಹಳ ಹೊತ್ತು ಮೆಚ್ಚಬೇಕಾಗುತ್ತದೆ.

ಎಲ್ಲ ಮುಗಿದ ಮೇಲಿನದ್ದಕ್ಕೂ ಅವರಲ್ಲಿ ಪದವಿದೆ, 'ಮೆಟ್ಟಿಲಿನ ಬುದ್ಧಿ'. ಇಂಗ್ಲಿಷು ಇದನ್ನೂ ಬಿಟ್ಟಿಲ್ಲ. ಹದಿನೆಂಟನೇ ಶತಮಾನದ ಫ್ರೆಂಚ್ ಲೇಖಕ ದಿದ್ರೋನ ಬರಹದಿಂದ ಬಂದದ್ದು. ದೊಡ್ಡ ಮನೆಗಳಲ್ಲಿ ಅತಿಥಿಗಳ ಹಜಾರ ಮಹಡಿಯ ಮೇಲಿರುತ್ತಿತ್ತು. ಅಲ್ಲಿ ಮಾತಿಗೆ ಮಾತು ಸಿಗದೆ ಒದ್ದಾಡಿದವನಿಗೆ ಸರಿಯಾದ ಉತ್ತರ ಹೊಳೆಯುವುದು ಮೆಟ್ಟಿಲಿಳಿದು ಕೆಳಗೆ ಬಂದಾಗಲೇ. ಹೋಟೆಲಿನವನಿಗೆ ಬ್ಯಾಂಕಿನ ಮೆಸೇಜು ತೋರಿಸಿ, ನಂಬರ್ ಕೊಟ್ಟು ಹೊರಡಬಹುದಿತ್ತಲ್ಲ ಅಂತ ಹೊಳೆಯುವುದೂ ರಸ್ತೆ ದಾಟಿ ಬಸ್ ಸ್ಟಾಪಿಗೆ ಬಂದ ಮೇಲೆ. ಅಷ್ಟರಲ್ಲಿ ಒಳಗೆ ಸ್ಪೀಕರು ನಿಧಾನವಾಗಿ, ಸ್ಪಷ್ಟವಾದ ಕನ್ನಡದಲ್ಲಿ, 140 ರೂಪಾಯಿ ಬಂದಿದೆ ಅನ್ನುತ್ತಿರುತ್ತದೆ.