ಚಕ್ರವರ್ತಿಗಳಿಗೆ ಹೊದಿಕೆ, ವೀರರಿಗೆ ಏನು?

ಕೇಂಬ್ರಿಜ್ ಹತ್ತಿರದ ಆಂಗಲ್ಸಿ ಆ್ಯಬಿ ಎಂಬ ಹಳೆಯ ಬಂಗಲೆಯ ತೋಟದಲ್ಲಿ ಒಂದು ಉದ್ದನೆಯ ದಾರಿಯಿದೆ. ಅದರಗುಂಟ ಹನ್ನೆರಡು ರೋಮನ್ ಚಕ್ರವರ್ತಿಗಳ ಅಮೃತಶಿಲೆಯ ಎದೆಮಟ್ಟದ ಪ್ರತಿಮೆಗಳು. 1926ರಲ್ಲಿ ಆ ಬಂಗಲೆ ಕೊಂಡು, ಮುಂದೆ ಲಾರ್ಡ್ ಫೇರ್‌ಹೇವನ್ ಎನಿಸಿಕೊಂಡ ಶ್ರೀಮಂತರು ತೋಟವನ್ನು ಶಿಲ್ಪಗಳಿಂದ ತುಂಬಿದರು. 1966ರಲ್ಲಿ ಅವರು ತೀರಿಕೊಂಡ ಮೇಲೆ ಅದು ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು.

ಆ ಚಕ್ರವರ್ತಿಗಳಿಗೂ ಆ ಊರಿಗೂ ರಕ್ತಸಂಬಂಧವಿಲ್ಲ, ಭಕ್ತಿಯೂ ಇಲ್ಲ. ಆದರೂ ಇಂಥ ತೋಟಗಳಲ್ಲಿ ಅಮೃತಶಿಲೆಗೆ ಸಿಗುವ ಆರೈಕೆ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಸಣ್ಣ ಬಿರುಕಿನಲ್ಲಿ ಇಳಿದ ನೀರು ಚಳಿಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲು ಸೀಳುತ್ತದೆ. ಅದಕ್ಕೇ ಚಳಿಗಾಲ ಬರುವ ಮುಂಚೆ ಎಷ್ಟೋ ತೋಟಗಳಲ್ಲಿ ಪ್ರತಿಮೆಗಳಿಗೆ ಹೊದಿಕೆ ಕಟ್ಟುತ್ತಾರೆ. ಒಳಗೆ ಗಾಳಿಯಾಡಬೇಕು, ಇಲ್ಲದಿದ್ದರೆ ತೇವ ನಿಲ್ಲುತ್ತದೆ. ವಸಂತದಲ್ಲಿ ಬಿಚ್ಚುತ್ತಾರೆ. ಸೀಸದ ಪ್ರತಿಮೆಗಳ ಪಾಡೇ ಬೇರೆ. ಅವು ಚಳಿಗೆ ಸೀಳುವುದಿಲ್ಲ, ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದರೆ ತಮ್ಮ ಭಾರಕ್ಕೇ ಬಾಗುತ್ತವೆ. ಅವನ್ನೂ ಕಣ್ಣಿಟ್ಟು ನೋಡುತ್ತಿರಬೇಕು.

ನಮ್ಮಲ್ಲಿ ಪ್ರೀತಿಗೆ ಬರವಿಲ್ಲ. ವೀರಗಲ್ಲಿಗೆ ಅರಿಶಿನ ಕುಂಕುಮ ಹಚ್ಚುತ್ತೇವೆ, ಎಣ್ಣೆ ಸುರಿಯುತ್ತೇವೆ. ಸುಣ್ಣ ಬಳಿಯುವುದೂ ಉಂಟು, ಈಗೀಗ ಆಯಿಲ್ ಪೇಂಟ್ ಕೂಡ. ಭಕ್ತಿಯನ್ನು ನಾನು ಆಕ್ಷೇಪಿಸುವುದಿಲ್ಲ. ಪೂಜೆ ಇರುವುದರಿಂದಲೇ ಎಷ್ಟೋ ಕಲ್ಲು ಇವತ್ತಿಗೂ ಉಳಿದಿವೆ, ಅಲ್ವಾ? ಆದರೆ ಜಿಡ್ಡಿನ ಮೇಲೆ ಧೂಳು ಕೂತು ಅಕ್ಷರ ಮುಚ್ಚಿಹೋಗುತ್ತವೆ. ಪೂಜೆ ಇಲ್ಲದ ಕಲ್ಲುಗಳ ಗತಿ ಇನ್ನೂ ಕಷ್ಟ. ರಸ್ತೆ ಎತ್ತರಿಸಿದಾಗ ಅರ್ಧ ಹೂತು, ಚರಂಡಿ ಪಕ್ಕ ನಿಂತಿರುತ್ತವೆ.

ಬೇಗೂರಿನ ಕಲ್ಲನ್ನೇ ನೋಡಿ. ‘ಬೆಂಗಳೂರು’ ಎಂಬ ಹೆಸರನ್ನು ಸಾವಿರಕ್ಕೂ ಹೆಚ್ಚು ವರ್ಷದಿಂದ ಹೊತ್ತಿರುವ ಕಲ್ಲು ಅದು. ಹೆಬ್ಬಾಳದ ಕಿತ್ತಯ್ಯ ಎಂಬ ವೀರನ ಕಲ್ಲು ಅದಕ್ಕಿಂತ ಹಳೆಯದು, ಸುಮಾರು ಕ್ರಿ.ಶ. 750ರದ್ದು. ಅದು 2018ರಲ್ಲಿ ಬೆಳಕಿಗೆ ಬಂದಾಗ ಉಳಿಸಲು ಮುಂದೆ ಬಂದವರು ಆಸಕ್ತ ನಾಗರಿಕರು. ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಎಲ್ಲ ಊರಿಗೂ ಅಂಥವರು ಸಿಗುವತನಕ ಕಾಯಲು ಆಗುವುದಿಲ್ಲ.

ಇಂಗ್ಲೆಂಡಿನಿಂದ ನಾವು ತರಬೇಕಾದ್ದು ಹೊದಿಕೆಯನ್ನಲ್ಲ. ನಮ್ಮ ಗ್ರಾನೈಟ್ ಕಲ್ಲಿಗೆ ಹಿಮದ ಭಯವಿಲ್ಲ. ವರ್ಷಕ್ಕೊಮ್ಮೆ, ಗೊತ್ತಾದ ತಿಂಗಳಲ್ಲಿ, ಗೊತ್ತಾದ ಒಬ್ಬರು ಬಂದು ನೋಡುವ ಪದ್ಧತಿ ಬೇಕು. ಗ್ರಾಮ ಪಂಚಾಯಿತಿ ಇದನ್ನು ಮಾಡಬಹುದು. ಮಳೆಗಾಲಕ್ಕೆ ಮುಂಚೆ ಬುಡದ ಮಣ್ಣು ತೆಗೆಸಿ, ನೀರು ಹರಿದುಹೋಗಲು ದಾರಿ ಮಾಡಿ, ಒಂದು ಫೋಟೋ ತೆಗೆದಿಟ್ಟರೆ ಸಾಕು. ತೊಳೆಯುವ ಕೆಲಸ ಬಲ್ಲವರಿಗೆ ಬಿಡಬೇಕು. ಆ್ಯಸಿಡ್ ಅಂತೂ ಹತ್ತಿರ ತರಲೇಬಾರದು.