ಎಣ್ಣೆಯ ಲೆಕ್ಕ

ಗೆಳೆಯನ ಮನೆಯಲ್ಲಿ ಯೇಸು ಕಲಿಸಿದ ಪ್ರಾರ್ಥನೆ ನಡೆದಿತ್ತು. ಎಲ್ಲರೂ ಕಣ್ಣು ಮುಚ್ಚಿ ‘ನಮ್ಮ ಅನುದಿನದ ಆಹಾರವನ್ನು’ ಅನ್ನುವಲ್ಲಿಗೆ ಬಂದಿದ್ದರು. ಪಕ್ಕದ ಮಹಾಶಯರು ನನ್ನ ಕಿವಿಗೆ ಬಾಗಿ, “ಅನುದಿನ ಅಂತ ಮೂಲದಲ್ಲಿ ಇಲ್ಲವೇ ಇಲ್ಲ, ಗೊತ್ತಾ?” ಅಂದರು. ಒಳಗಿನಿಂದ ಬಿರಿಯಾನಿ ಘಮ್ಮೆನ್ನುತ್ತಿತ್ತು. ಅಂಥ ಹೊತ್ತಲ್ಲಿ ಮೂಲ ತೆಗೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಉರಿಯಿತು ಅಂತ ಸುಮ್ಮನಿರಲೂ ಆಗಲಿಲ್ಲ. ರಾತ್ರಿ ಹುಡುಕುತ್ತ ಕೂತೆ. ‘ಅನುದಿನದ’ ಅನ್ನುವ ಕಡೆ ಗ್ರೀಕ್ ಮೂಲದಲ್ಲಿರುವ ಪದ ಎಪಿಯೂಸಿಯೋಸ್. ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಒಮ್ಮೆ, ಲೂಕನದರಲ್ಲಿ ಒಮ್ಮೆ, ಅಷ್ಟೇ. ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್ ಗ್ರೀಕಿನಲ್ಲೇ ಬರೆಯುತ್ತಿದ್ದವನು. ಅವನೇ, ಇದು ಪಂಡಿತರಲ್ಲೂ ಇಲ್ಲ, ಜನರ ಬಾಯಲ್ಲೂ ಇಲ್ಲ, ಸುವಾರ್ತೆಯವರೇ ಹುಟ್ಟಿಸಿರಬೇಕು ಎಂದು ಕೈಚೆಲ್ಲಿದ. ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮನಲ್ಲಂತೂ ಲೂಕನಿಗೆ ‘ದಿನದಿನದ’ ರೊಟ್ಟಿ, ಮತ್ತಾಯನಿಗೆ ‘ವಸ್ತುವನ್ನು ಮೀರಿದ’ ರೊಟ್ಟಿ. ಮೂಲದಲ್ಲಿ ಎರಡೂ ಕಡೆ ಒಂದೇ ಪದ! ‘ಬರುವ ದಿನದ’ ಅನ್ನುವವರೂ ಇದ್ದಾರೆ. ಅಲ್ಲಿಗೆ ಮಲಗಬಹುದಿತ್ತು.

ಆದರೆ ಅಷ್ಟರಲ್ಲಿ ಒಂದು ಚೀಟಿ ಸಿಕ್ಕಿತು. ಈಜಿಪ್ಟಿನ ಹವಾರ ಎಂಬಲ್ಲಿ ಪುರಾತತ್ವಜ್ಞ ಪೆಟ್ರಿ ಅಗೆದಾಗ ಹೊರಬಂದ ಪಪೈರಸ್ ತುಂಡು. ಯಾರೋ ಬರೆದಿಟ್ಟ ಮನೆಖರ್ಚಿನ ಲೆಕ್ಕ. ಸೇಸ್ ಎಂಬ ವಿದ್ವಾಂಸ ಅದನ್ನು ಓದಿ, ಒಂದು ಸಾಲಿನಲ್ಲಿ ‘ಎಪಿಯೂಸಿ’ ಅಂತ ಅರ್ಧ ಪದ ಇದೆ ಎಂದ. 1889ರಲ್ಲಿ ಅಚ್ಚಾಯಿತು. ದೇವರ ಪ್ರಾರ್ಥನೆಯ ಪದ ಕಿರಾಣಿ ಚೀಟಿಯಲ್ಲಿ! ಹಾಗಾದರೆ ಇದು ದಿನದ ಪಡಿಯೇ ಇರಬೇಕು ಅಂತ ಎಷ್ಟೋ ಜನ ನೆಮ್ಮದಿಯಾದರು. ಪರೀಕ್ಷಿಸೋಣ ಅಂದರೆ ಚೀಟಿಯೇ ಇಲ್ಲ, ಕಳೆದುಹೋಗಿತ್ತು. ಕಿರಾಣಿ ಚೀಟಿ ಕಳೆಯುವುದರಲ್ಲಿ ನಾನೂ ಕಡಿಮೆಯವನಲ್ಲ. ಅಂಗಡಿ ಮುಂದೆ ನಿಂತು ನಾಲ್ಕು ಜೇಬು ತಡಕಿ, ಕಡೆಗೆ ಮನೆಗೆ ಫೋನ್ ಮಾಡಿ ಬೈಸಿಕೊಳ್ಳುವುದು ತಿಂಗಳಿಗೊಮ್ಮೆ ಇದ್ದದ್ದೇ. ಇವರದು ಸಿಕ್ಕಿದ್ದು 1998ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಮತ್ತೆ ಓದಿದರು. ಅಲ್ಲಿದ್ದದ್ದು ‘ಎಲಾಯೂ’.

ಎಲಾಯೂ ಅಂದರೆ ಎಣ್ಣೆಯದು. ಎಣ್ಣೆಗೆ ಇಷ್ಟು ಅಂತ ಲೆಕ್ಕ. ನೂರು ವರ್ಷಕ್ಕೂ ಜಾಸ್ತಿ ಕಾಲ ಯಾವನೋ ಪುಣ್ಯಾತ್ಮನ ಎಣ್ಣೆಯ ಬಾಕಿಯ ಮೇಲೆ ಪಂಡಿತರು ಅಡಿಗೆ ಮಾಡಿದ್ದರು.

ಈ ಖುಷಿ ತಡೆಯಲಾಗಲಿಲ್ಲ. ರಾತ್ರಿ ಒಂದೂವರೆಗೆ ಮಹಾಶಯರಿಗೆ ಎಲ್ಲವನ್ನೂ ಉದ್ದಕ್ಕೆ ಬರೆದು ವಾಟ್ಸಾಪ್ ಮಾಡಿದೆ. ಬೆಳಿಗ್ಗೆ ನೋಡಿದರೆ ಉತ್ತರ ಬಂದಿತ್ತು. ಒಂದು ಹೆಬ್ಬೆರಳು, ಅದರ ಕೆಳಗೆ “ಆದರೂ ಮೂಲದಲ್ಲಿ ಅನುದಿನ ಇಲ್ಲ ಅಲ್ವಾ?”